ಕೋವಿಯ ಮೇಲೊಂದು ಕಣ್ಣು

ದುರ್ಬೀನು ನಯವಾದ ಕೈಗೆ ಒಪ್ಪುವ ಸಾಮಾನು. ಖಗೋಳವನ್ನು ನೋಡುವ ಪಂಡಿತ ಅದನ್ನು ಕಲ್ಲುಕಂಬದ ಮೇಲೆ ಕೂರಿಸಿ, ಮೆತ್ತನೆಯ ಬಟ್ಟೆಯಿಂದ ಒರಸಿ, ಉಸಿರು ತಾಕದಂತೆ ಕಾಪಾಡುತ್ತಾನೆ. ಕೋವಿಯಾದರೋ ಒದೆಯುವ ಪ್ರಾಣಿ. ಮಳೆ, ಕೆಸರು, ಕಲ್ಲು, ಮುಳ್ಳು ಯಾವುದೂ ಅದಕ್ಕೆ ಲೆಕ್ಕವಿಲ್ಲ. ಈ ಎರಡನ್ನೂ ಒಂದೇ ನೊಗಕ್ಕೆ ಹೂಡುವ ಸಾಹಸ ಒಂದು ನೂರು ವರ್ಷ ನಡೆಯಿತು. ಸಾಧಾರಣ ಸಿಪಾಯಿಯ, ಸಾಧಾರಣ ಬೇಟೆಗಾರನ ಕೈಗೆ ನಿಲುಕುವ ಬೆಲೆಯಲ್ಲಿ ಅದನ್ನು ಮಾಡಬೇಕೆಂದಾಗಲಂತೂ ತೊಡಕು ಇಮ್ಮಡಿಯಾಯಿತು.

ಮೊದಲ ಪ್ರಯತ್ನಗಳಲ್ಲಿ ಒಂದಕ್ಕೆ ನಮ್ಮ ದೇಶದ ನಂಟೂ ಉಂಟು. ಬೊಂಬಾಯಿಯ ಸೈನ್ಯದಲ್ಲಿ ಚಾಕರಿ ಮಾಡಿ ಊರಿಗೆ ಮರಳಿದ ಸ್ಕಾಟ್ಲೆಂಡಿನ ಡೇವಿಡ್ ಡೇವಿಡ್ಸನ್ ಎಂಬ ಅಧಿಕಾರಿ ಕೋವಿಯ ಎಡಮಗ್ಗುಲಿಗೆ ಜೋಡಿಸುವ ಗಿಡ್ಡ ದುರ್ಬೀನೊಂದನ್ನು ರೂಪಿಸಿದ. ಅಮೆರಿಕದ ಅಂತರ್ಯುದ್ಧದಲ್ಲಿ, ಎಂದರೆ 1861ರಿಂದ 1865ರವರೆಗೆ, ದಕ್ಷಿಣದವರ ಕೆಲವು ವಿಟ್‌ವರ್ತ್ ರೈಫಲುಗಳ ಮೇಲೆ ಇದು ಇತ್ತು. ಉತ್ತರದವರ ಬಳಿ ಸಿರಕ್ಯೂಸ್ ಪಟ್ಟಣದ ವಿಲಿಯಂ ಮಾಲ್ಕಮ್ ಮಾಡುತ್ತಿದ್ದ ಉದ್ದನೆಯ ದುರ್ಬೀನುಗಳಿದ್ದವು. ಕೆಲವು ಕೋವಿಯ ನಳಿಗೆಯಷ್ಟೇ ಉದ್ದ! ಡೇವಿಡ್ಸನ್ನನ ದುರ್ಬೀನಿಗೆ ಕಣ್ಣು ಹತ್ತಿರ ಹಿಡಿದವರಿಗೆ ಕೋವಿ ಒದ್ದು ಕಣ್ಣಿನ ಸುತ್ತ ಕಪ್ಪುಗಟ್ಟುತ್ತಿತ್ತಂತೆ. ಗುರಿ ತಪ್ಪಿದವನ ಪಾಡು ಹಾಗಿರಲಿ, ಗುರಿ ಇಟ್ಟವನ ಪಾಡು ಇದು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಬೇಕು, ಓದುಗರು ಬೇಸರಿಸಬಾರದು. ದುರ್ಬೀನನ್ನು ಹಿಡಿದಿರುವ ಎರಡು ಕಟ್ಟುಗಳ ನಡುವೆ 5 ಅಂಗುಲ ಅಂತರವಿದೆಯೆನ್ನಿ. ಒಂದು ಕಟ್ಟು ತಲೆಗೂದಲಿನ ದಪ್ಪದಷ್ಟು ಪಕ್ಕಕ್ಕೆ ಸರಿಯಿತು. ಅಷ್ಟೇ ಸಾಕು: 500 ಗಜದಾಚೆ ಗುಂಡು ಸುಮಾರು 10 ಅಂಗುಲ ಅತ್ತ ಬೀಳುತ್ತದೆ. ಹತ್ತಿರದ ಗುರಿಯಾದರೆ ಈ ದೋಷ ಕಣ್ಣಿಗೇ ಬೀಳದು. ದೂರ ಹೆಚ್ಚಿದಂತೆ ತಪ್ಪೂ ಬೆಳೆಯುತ್ತದೆ. ಗಾಜು ಎಷ್ಟು ದೊಡ್ಡದಾಗಿ ತೋರಿಸುತ್ತದೆಂಬುದು ಅಂಗಡಿಯಲ್ಲಿ ಕೇಳುವ ಪ್ರಶ್ನೆ. ಒಮ್ಮೆ ಗೊತ್ತುಮಾಡಿದ ಗುರಿ ಅಲ್ಲೇ ನಿಂತೀತೇ ಎಂಬುದು ಮೈದಾನದಲ್ಲಿ ಕೇಳಬೇಕಾದದ್ದು.

ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದದ್ದಕ್ಕೆ ಬ್ರಿಟಿಷರು ಮೊದಲನೆಯ ಮಹಾಯುದ್ಧದಲ್ಲಿ ಚೆನ್ನಾಗಿಯೇ ದಂಡ ತೆತ್ತರು. 1914ರಲ್ಲಿ ಜರ್ಮನರಿಗೆ ಬೇಟೆಯ ಸಂಪ್ರದಾಯವಿತ್ತು, ಯೇನಾದ ಗಾಜಿನ ಕಾರ್ಖಾನೆಯಿತ್ತು. ಬ್ರಿಟನ್ನಾದರೋ ಒಳ್ಳೆಯ ಮಸೂರದ ಗಾಜಿಗೆ ಅದೇ ಶತ್ರುವಿನ ಮುಖ ನೋಡುತ್ತಿದ್ದ ದೇಶ. ಕಂದಕಗಳ ಮೇಲೆ ತಲೆಯೆತ್ತಿದವನಿಗೆ ಉಳಿಗಾಲವಿಲ್ಲವೆಂದಾದಾಗ ಅಗ್ಗದ ಉಪಾಯಕ್ಕೆ ಕೈಹಾಕಿದರು: ಕೊಳವೆಯೇ ಇಲ್ಲದ ದುರ್ಬೀನು. ನಳಿಗೆಯ ತುದಿಯಲ್ಲಿ ಒಂದು ಮಸೂರ, ಕಣ್ಣಿನ ಬಳಿ ಇನ್ನೊಂದು. ನಡುವೆ ಬರಿಯ ಗಾಳಿ. ಲ್ಯಾಟಿ, ನೀಲ್, ಮಾರ್ಟಿನ್ ಎಂಬ ಹೆಸರುಗಳಲ್ಲಿ ಇವು ರಣರಂಗಕ್ಕೆ ಹೋದವು. ಬೆಲೆಯೇನೋ ಕಡಿಮೆ. ಆದರೆ ಕಾಣುವ ಬಯಲು ಸೂಜಿಯ ಕಣ್ಣಿನಷ್ಟು. ಮುಂದಿನ ಗಾಜಿನ ಮೇಲೆ ಒಂದು ಮಳೆಹನಿ ಕೂತರೆ ಆಟ ಮುಗಿಯಿತು. ಮರಳಿನ ಚೀಲಕ್ಕೆ ತಗುಲಿದರೆ ಗಾಜೇ ಜಾರಿತು.

ಕೊಳವೆಯಿದ್ದ ಒಳ್ಳೆಯ ದುರ್ಬೀನುಗಳೂ ಬಂದವು. ಆದರೆ ತೋಟಾ ತುಂಬುವ ದಾರಿಗೆ ಅಡ್ಡ ಬರಬಾರದೆಂದು ಅವುಗಳನ್ನು ಕೋವಿಯ ನೆತ್ತಿಯ ಬದಲು ಎಡಕ್ಕೆ ವಾಲಿಸಿ ಜೋಡಿಸಿದರು. ಉಕ್ಕಿನ ತಗಡಿನ ಕಿಂಡಿಯಲ್ಲಿ ನಳಿಗೆ ತೂರಿಸಿದವನಿಗೆ ದುರ್ಬೀನಿನಲ್ಲಿ ಕಾಣುವುದು ಶತ್ರುವಲ್ಲ, ಕಿಂಡಿಯ ಅಂಚು! ಕಚೇರಿಯಲ್ಲಿ ಕೂತು ನಿರ್ಧರಿಸಿದವರು ಆ ಕಿಂಡಿಯ ಹಿಂದೆ ಒಂದು ದಿನ ಮಲಗಿದ್ದರೆ ಸಾಕಿತ್ತು.

ಈ ಅವ್ಯವಸ್ಥೆಯನ್ನು ನೇರ್ಪಡಿಸಿದ ಮನುಷ್ಯ ಹೆಸ್ಕೆತ್ ಪ್ರಿಚರ್ಡ್. 1876ರಲ್ಲಿ ನಮ್ಮ ಝಾನ್ಸಿಯಲ್ಲಿ ಹುಟ್ಟಿದವನು. ಕತೆಗಾರ, ಬೇಟೆಗಾರ, ಹ್ಯಾಂಪ್‌ಷೈರ್ ತಂಡದ ವೇಗದ ಬೌಲರ್. 1915ರಲ್ಲಿ ಪತ್ರಿಕಾ ಬಾತ್ಮೀದಾರರ ಜೊತೆಗಾರನಾಗಿ ಫ್ರಾನ್ಸಿಗೆ ಹೋದವನು ಕಂದಕಗಳಲ್ಲಿ ಕೋವಿಗಳನ್ನು ಪರೀಕ್ಷಿಸಿ ನೋಡಿದ. ಬಹುಪಾಲು ದುರ್ಬೀನುಗಳು ಗುರಿ ತಪ್ಪಿದ್ದವು. ಕಾರಣವೇನು? ಗುದ್ದಲಿ, ಬಕೆಟ್ಟುಗಳ ಹಾಗೆ ಅವನ್ನೂ ಕಂದಕದ ಸರಕಿನ ಲೆಕ್ಕಕ್ಕೆ ಹಾಕಿ, ಒಂದು ಪಡೆ ಹೋಗಿ ಇನ್ನೊಂದು ಬಂದಾಗ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಯಾರದೂ ಅಲ್ಲದ ವಸ್ತುವನ್ನು ಯಾರು ಜೋಪಾನ ಮಾಡುತ್ತಾರೆ? ನಂಬಿ ಗುಂಡು ಹಾರಿಸಿದ ಹುಡುಗ ತನ್ನ ತಾಣವನ್ನು ಶತ್ರುವಿಗೆ ತೋರಿಸಿಕೊಟ್ಟಂತಾಗುತ್ತಿತ್ತು. ಎರಡನೆಯ ಗುಂಡಿಗೆ ಅವನಿಗೆ ಅವಕಾಶ ಸಿಗುತ್ತಿರಲಿಲ್ಲ. ಪ್ರಿಚರ್ಡ್ 1916ರಲ್ಲಿ ಲಿಂಗೆಮ್ ಹಳ್ಳಿಯಲ್ಲಿ ಶಾಲೆ ತೆರೆದ. ಗುರಿ ಸರಿಯಿದೆಯೇ ಎಂದು ಪದೇ ಪದೇ ಪರೀಕ್ಷಿಸುವುದನ್ನೂ, ಗಾಜನ್ನು ಒಣದಾಗಿ ಇಡುವುದನ್ನೂ ಅಲ್ಲಿ ಕಲಿಸಿದ. ಯುದ್ಧದ ಶ್ರಮಕ್ಕೆ ಆರೋಗ್ಯ ಒಪ್ಪಿಸಿ 1922ರಲ್ಲಿ ತೀರಿಕೊಂಡ. ದುರ್ಬೀನು ಕೋವಿಯ ನೆತ್ತಿಗೇರಿದ್ದು 1918ರಲ್ಲಿ, ಯುದ್ಧ ಮುಗಿಯುವ ಹೊತ್ತಿಗೆ.

ರಷ್ಯನರು ಈ ಗಂಟನ್ನು ಬೇರೆ ಬಗೆಯಲ್ಲಿ ಬಿಚ್ಚಿದರು. ಅವರ ಮೊದಲಿನ ದುರ್ಬೀನುಗಳಿಗೆ ಜರ್ಮನರ ಮಾದರಿಯಂತೆ ನೋಟವನ್ನು ತಿಳಿಗೊಳಿಸುವ ತಿರುಗುಣಿಯಿತ್ತು. ಅದರ ಸಂದಿನಿಂದಲೇ ನೀರೂ ಧೂಳೂ ಒಳಗೆ ಹೋಗುತ್ತಿತ್ತು, ಅದನ್ನು ತೆಗೆದೇಬಿಟ್ಟರು. 1940ರ ಪಿ.ಯು. ಎಂಬ ದುರ್ಬೀನು ಇನ್ನೂ ಸರಳ: ಮೂರೂವರೆಯಷ್ಟು ಹಿಗ್ಗಿಸುತ್ತದೆ, ತೂಕ ಸುಮಾರು 270 ಗ್ರಾಂ, ಗೇಣುದ್ದವೂ ಇಲ್ಲ. 1942ರಿಂದ ಹಳೆಯ ಮೋಸಿನ್ ರೈಫಲುಗಳ ಮೇಲೆ ಇವು ರಾಶಿ ರಾಶಿಯಾಗಿ ಕೂತವು. ಒಂದೊಂದು ಸೌಕರ್ಯ ಬಿಟ್ಟಾಗಲೂ ಬೆಲೆ ಇಳಿಯಿತು, ಬಾಳಿಕೆ ಏರಿತು. ನಿಜವಾದ ಜಾಣತನವೆಂದರೆ ಇದು ಎಂದು ನನಗನ್ನಿಸುತ್ತದೆ. ಅದು ವೆಚ್ಚವಾದದ್ದು ಮನುಷ್ಯರನ್ನು ಕೊಲ್ಲುವುದಕ್ಕೆ ಎಂಬುದನ್ನು ಮರೆತು ಹೇಳುವ ಮಾತಲ್ಲ.

ಅಮೆರಿಕದಲ್ಲಿ ಇದೇ ಕೆಲಸವನ್ನು ಸರ್ಕಾರ ಮಾಡಲಿಲ್ಲ, ಇಪ್ಪತ್ತೈದರ ಒಬ್ಬ ತರುಣ ಮಾಡಿದ. ವಿಲಿಯಂ ವೀವರ್ ಅವನ ಹೆಸರು. ವೀವರ್ ಎಂದರೆ ನೇಕಾರ. ಹಿಂದಿನ ದುರ್ಬೀನುಗಳಲ್ಲಿ ಗುರಿಯ ಅಡ್ಡಗೆರೆಗೆ ಜೇಡರಹುಳುವಿನ ಎಳೆಯನ್ನೇ ಬಳಸುತ್ತಿದ್ದುದರಿಂದ ಈ ಕಸುಬಿಗೆ ಹೆಸರು ಒಪ್ಪಿತು ಎನ್ನೋಣ. ದೇಶವೆಲ್ಲ ಹಣವಿಲ್ಲದೆ ಒಣಗಿದ್ದ 1930ರಲ್ಲಿ ಅವನು ತನ್ನ ಮೊದಲ ದುರ್ಬೀನು ಮಾರಿದ. ಬೆಲೆ 19 ಡಾಲರು, ಜೋಡಿಸುವ ಕಟ್ಟೂ ಸೇರಿ. ಜರ್ಮನಿಯ ಸರಕಿಗೆ ಇದರ ಹಲವು ಪಟ್ಟು ಕೊಡಬೇಕಿತ್ತು. ಮುಕ್ಕಾಲು ಅಂಗುಲದ ಉಕ್ಕಿನ ಕೊಳವೆ, ಸಣ್ಣ ಗಾಜು, ಆಡಂಬರವಿಲ್ಲ. 1933ರಲ್ಲಿ ಅವನು ಟೆಕ್ಸಾಸಿನ ಎಲ್ ಪಾಸೋಗೆ ಕಾರ್ಖಾನೆ ಸಾಗಿಸಿದ.

ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ದುಬಾರಿಯ ಲೈಮನ್ ದುರ್ಬೀನು ಬೇಕಾಗಿತ್ತು, ಸಾಕಷ್ಟು ಸಿಗಲಿಲ್ಲ. ಹೀಗಾಗಿ 1943ರಿಂದ ಸ್ಪ್ರಿಂಗ್‌ಫೀಲ್ಡ್ ರೈಫಲುಗಳ ಮೇಲೆ ವೀವರನ ಅಗ್ಗದ ದುರ್ಬೀನೇ ಏರಿತು. ಬೇಟೆಗಾರನ ಒಂದು ವಾರಕ್ಕೆ ಸಾಕಾದದ್ದು ಸಿಪಾಯಿಯ ಮಳೆಗಾಲಕ್ಕೆ ಸಾಲಲಿಲ್ಲ. ತೇವ ಒಳಹೊಕ್ಕು ಗಾಜು ಮಂಜುಗಟ್ಟಿತು, ದೂರು ಬಂತು. ವೀವರ್ ಬೇಸರಪಡದೆ 1947ರಲ್ಲಿ ಒಂದಂಗುಲದ ದಪ್ಪ ಕೊಳವೆಯ ಹೊಸ ಮಾದರಿಗಳನ್ನು ಹೊರತಂದ.

ಅದೇ ವರ್ಷ ಪೋರ್ಟ್‌ಲೆಂಡಿನಲ್ಲಿ ನದಿಯ ನೀರಿನ ಮಟ್ಟ ಅಳೆಯುವ ಉಪಕರಣಗಳನ್ನು ಮಾಡುತ್ತಿದ್ದ ಲ್ಯೂಪೋಲ್ಡ್ ಸಂಸ್ಥೆಯವರೂ ಈ ಕಸುಬಿಗೆ ಇಳಿದರು. ಮನೆತನದ ಮಾರ್ಕಸ್ ಲ್ಯೂಪೋಲ್ಡ್ ದುರ್ಬೀನು ಮಂಜುಗಟ್ಟಿ ಒಂದು ಜಿಂಕೆಯನ್ನು ಕಳೆದುಕೊಂಡು, ಇದಕ್ಕಿಂತ ಒಳ್ಳೆಯದನ್ನು ನಾನೇ ಮಾಡಿಯೇನು ಎಂದು ಸಿಡುಕಿದನಂತೆ. ನೀರನ್ನು ಬಲ್ಲವರಲ್ಲವೆ? ಕೊಳವೆಯ ಒಳಗಿನ ತೇವದ ಗಾಳಿಯನ್ನು ಹೊರದೂಡಿ, ಒಣ ಸಾರಜನಕ ತುಂಬಿ, ಸಂದುಗಳನ್ನು ಮುಚ್ಚಿದರು. ಕೆಲವು ವರ್ಷಗಳಲ್ಲಿ ಉಳಿದ ಕಾರ್ಖಾನೆಗಳೂ ಅದೇ ದಾರಿ ಹಿಡಿದವು. ಇಂದು ಅಗ್ಗದ ದುರ್ಬೀನಿನ ಹೊಟ್ಟೆಯಲ್ಲಿಯೂ ಆ ಒಣಗಾಳಿ ಇರುತ್ತದೆ.