ಕೊಡಗಿನ ಅರಸನ ಕಡಲ ಪಯಣ



ಯಾವುದಾದರೊಂದು ಶನಿವಾರ ಬೆಳಿಗ್ಗೆ ಉತ್ತರ ಕೊಡಗಿನ ಶನಿವಾರಸಂತೆಗೆ ಹೋಗಿ ನಿಂತುಕೊಳ್ಳಿ. ಊರಿನ ಹೆಸರೇ ಅದರ ಕಸುಬನ್ನು ಹೇಳಿಬಿಡುತ್ತದೆ. ಕಾಫಿ ತೋಟದ ಕೆಲಸದವರು ವಾರದ ಬಟವಾಡೆ ಹಿಡಿದು ಬರುತ್ತಾರೆ. ಅಕ್ಕಿ, ಉಪ್ಪು, ಒಣಮೀನು, ಹಸಿಮೆಣಸಿನಕಾಯಿ, ಕಂಬಳಿ ಎಲ್ಲವೂ ಚೀಲಕ್ಕೆ ಬೀಳುತ್ತವೆ. ಮುಂದಿನ ಸಂತೆಯವರೆಗೆ ಏನು ಬೇಕು, ಎಷ್ಟು ಬೇಕು ಎಂಬ ಲೆಕ್ಕ ಪ್ರತಿ ಗೃಹಿಣಿಯ ತಲೆಯಲ್ಲಿ ಇರುತ್ತದೆ. ಮರೆತರೆ ಏಳು ದಿನ ಕಾಯಬೇಕು.

ಇದೇ ಲೆಕ್ಕವನ್ನು ಏಳು ದಿನಕ್ಕಲ್ಲ, ಏಳು ವಾರಕ್ಕೆ ಹಾಕಬೇಕಾಗಿ ಬಂದರೆ? ಅದೂ ನಡುವೆ ಒಂದು ಅಂಗಡಿಯೂ ಇಲ್ಲದ ಕಡಲಿನ ಮೇಲೆ? ಈ ಪಾಠದಲ್ಲಿ ನಾವು ನೋಡಹೊರಟಿರುವುದು ಅಂಥ ಒಂದು ಸಿದ್ಧತೆಯನ್ನು. ಐಷಾರಾಮಿ ಹಡಗು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು 1912ರಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿದ ಟೈಟಾನಿಕ್ ಇರಬಹುದು. 2004ರಿಂದ ಸೌತಾಂಪ್ಟನ್ ಮತ್ತು ನ್ಯೂಯಾರ್ಕ್‌ಗಳ ನಡುವೆ ಓಡಾಡುತ್ತಿರುವ ‘ಕ್ವೀನ್ ಮೇರಿ 2’ ಕೂಡ ಇರಬಹುದು. ಆದರೆ ಕಪ್ಪು ಸಮುದ್ರವೆಂದರೆ ಜಾತಿ ಹೋಗುವ ಜಾಗವೆಂದು ನಂಬಿದ್ದ ಕಾಲದಲ್ಲಿ, ಕನ್ನಡ ಮಾತಿನ ರಾಜಮನೆತನವೊಂದು ಇದೇ ಸೌತಾಂಪ್ಟನ್ ಬಂದರಿನ ದೇಶಕ್ಕೆ ಹೊರಟಿತ್ತು. ಶನಿವಾರಸಂತೆಯನ್ನೊಳಗೊಂಡ ಏಳುಸಾವಿರ ಸೀಮೆಯೂ ಆ ಮನೆತನದ ಆಳ್ವಿಕೆಗೆ ಸೇರಿತ್ತು.

ಕಥೆಯ ಹಿನ್ನೆಲೆ ನಿಮಗೆ ತಿಳಿದೇ ಇದೆ. ಆದುದರಿಂದ ಬೇಗ ಮುಗಿಸೋಣ. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನು 1820ರಲ್ಲಿ ಪಟ್ಟಕ್ಕೆ ಬಂದನು. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ನಾಲ್ಕು ಕಡೆಯಿಂದ ಕೊಡಗನ್ನು ಹೊಕ್ಕಿತು. ಮೇ 7ರಂದು ಕರ್ನಲ್ ಫ್ರೇಸರನು ಕೊಡಗು ಕಂಪೆನಿಗೆ ಸೇರಿತೆಂದು ಸಾರಿದನು. ಕುಶಾಲನಗರಕ್ಕೆ ಬಹುಕಾಲ ಫ್ರೇಸರ್‌ಪೇಟೆ ಎಂಬ ಹೆಸರಿದ್ದುದು ಇವನಿಂದಲೇ. ಅರಸನನ್ನು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಲಾಯಿತು. ಈ ಅರಸ ಮಹಾ ಕ್ರೂರಿಯೆಂದು ಇಂಗ್ಲಿಷರು ಬರೆದರು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಓದಿದವರ ಮನಸ್ಸಿನಲ್ಲಿ ಬೇರೊಂದು ಚಿತ್ರವಿರುತ್ತದೆ. ಕಾದಂಬರಿ ಕಾದಂಬರಿಯೇ, ಇಂಗ್ಲಿಷರ ವರದಿಯೂ ಗೆದ್ದವರ ವರದಿಯೇ ಎಂಬುದನ್ನು ಮಾತ್ರ ಮರೆಯಬೇಡಿ.

ಕಾಶಿಯಲ್ಲಿ 1841ರಲ್ಲಿ ಅವನಿಗೆ ಒಬ್ಬ ಮಗಳು ಹುಟ್ಟಿದಳು. ಹೆಸರು ಗೌರಮ್ಮ. ಕೊಡಗಿನ ಮಣ್ಣನ್ನು ತುಳಿಯದೆಯೇ ಕೊಡಗಿನ ರಾಜಕುಮಾರಿಯೆನಿಸಿಕೊಂಡ ಹುಡುಗಿ ಈಕೆ. ಈ ಮಗಳಿಗೆ ಹನ್ನೊಂದು ವರ್ಷ ನಡೆಯುತ್ತಿದ್ದಾಗ, 1852ರಲ್ಲಿ, ಅರಸ ಇಂಗ್ಲೆಂಡಿಗೆ ಹೊರಟನು.

ಹೊರಡುವುದಕ್ಕೆ ಮೊದಲು ಆಗಬೇಕಾದ ಕೆಲಸ ಯಾವುದು? ಇಂದು ನೀವು ಹೊರಟರೆ ಪಾಸ್‌ಪೋರ್ಟ್, ವೀಸಾ ಎನ್ನುತ್ತೀರಿ. ಅಂದು ಪಾಸ್‌ಪೋರ್ಟಿನ ಜಾಗದಲ್ಲಿ ಕಂಪೆನಿಯ ಅಪ್ಪಣೆ ಇತ್ತು. ಪದಚ್ಯುತ ಅರಸನೆಂದರೆ ಒಂದು ರೀತಿಯಲ್ಲಿ ಸರ್ಕಾರದ ಕೈದಿಯೇ. ಅವನು ಕಾಶಿಯನ್ನು ಬಿಟ್ಟು ಹೋಗಬೇಕಾದರೂ ಗವರ್ನರ್ ಜನರಲ್ ಒಪ್ಪಬೇಕು. ಆಗ ಆ ಹುದ್ದೆಯಲ್ಲಿದ್ದವನು ಲಾರ್ಡ್ ಡಾಲ್‌ಹೌಸಿ. ಒಂದೊಂದಾಗಿ ಸಂಸ್ಥಾನಗಳನ್ನು ಕಂಪೆನಿಗೆ ಸೇರಿಸಿಕೊಂಡವನು. ಮಗಳಿಗೆ ಇಂಗ್ಲಿಷ್ ವಿದ್ಯಾಭ್ಯಾಸ ಕೊಡಿಸಬೇಕು, ಅವಳನ್ನು ಕ್ರೈಸ್ತ ಧರ್ಮದಲ್ಲಿ ಬೆಳೆಸಬೇಕು ಎಂಬುದು ಅರಸನು ಮುಂದಿಟ್ಟ ಕಾರಣ. ಅನುಮತಿ ಸಿಕ್ಕಿತು.

ಆದರೆ ಅರಸನಿಗೆ ಇನ್ನೊಂದು ಉದ್ದೇಶವೂ ಇತ್ತು. ಕೊಡಗಿನ ರಾಜಮನೆತನದ ಹಣ ಕಂಪೆನಿಯ ಸಾಲಪತ್ರಗಳಲ್ಲಿ ಸಿಕ್ಕಿಕೊಂಡಿತ್ತು. ರಾಜ್ಯದ ಜೊತೆಗೆ ಆ ಹಣವನ್ನೂ ಕಂಪೆನಿ ನುಂಗಿತ್ತು. ಅದನ್ನು ಲಂಡನ್ನಿನ ನ್ಯಾಯಾಲಯದಲ್ಲಿ ಕೇಳಬೇಕೆಂಬುದು ಅವನ ಆಸೆ. ಸೋತವನು ಗೆದ್ದವನ ಊರಿಗೇ ಹೋಗಿ, ಗೆದ್ದವನ ನ್ಯಾಯಾಧೀಶನ ಮುಂದೆಯೇ ದಾವೆ ಹೂಡುವುದು! ಈ ಧೈರ್ಯವನ್ನು ನಮ್ಮ ಪಠ್ಯಪುಸ್ತಕಗಳು ಅಷ್ಟಾಗಿ ಗಮನಿಸಿಲ್ಲವೆಂದೇ ನನ್ನ ಭಾವನೆ.

ಇನ್ನು ಧರ್ಮದ ಪ್ರಶ್ನೆ. ಸಮುದ್ರಯಾನ ಮಾಡಿದವನು ಪತಿತನಾಗುತ್ತಾನೆ ಎಂಬ ಮಾತು ಬೌಧಾಯನ ಧರ್ಮಸೂತ್ರದಷ್ಟು ಹಳೆಯದು. ಹಡಗಿನಲ್ಲಿ ನೀರು ಯಾರು ಮುಟ್ಟಿದರೋ, ಅಡಿಗೆ ಯಾರು ಮಾಡಿದರೋ ತಿಳಿಯದು. ವೀರಶೈವನಿಗೆ ದಿನವೂ ಸ್ನಾನಮಾಡಿ ಇಷ್ಟಲಿಂಗ ಪೂಜೆ ಆಗಬೇಕು. ಹಡಗಿನಲ್ಲಿ ಸಿಹಿನೀರನ್ನು ಲೆಕ್ಕಮಾಡಿ ಬಳಸಬೇಕು. ಹೀಗಿರಲಾಗಿ ಆ ಕಾಲದ ಹಿಂದೂ ಪ್ರಯಾಣಿಕನ ಸಿದ್ಧತೆಯಲ್ಲಿ ಬಟ್ಟೆಬರೆಗಿಂತ ಮೊದಲು ಬರುತ್ತಿದ್ದವನು ಅಡಿಗೆಯವನು. 1830ರ ನವೆಂಬರ್‌ನಲ್ಲಿ ಕಲ್ಕತ್ತೆಯಿಂದ ಹೊರಟ ರಾಜಾ ರಾಮಮೋಹನ ರಾಯರು ತಮ್ಮ ಅಡಿಗೆಯವನನ್ನು ಕರೆದುಕೊಂಡೇ ಹೋದರು. ಹಾಯಿಹಡಗಿನಲ್ಲಿ ಆಫ್ರಿಕಾವನ್ನು ಸುತ್ತಿ ಅವರು ಲಿವರ್‌ಪೂಲ್ ಮುಟ್ಟಿದ್ದು 1831ರ ಏಪ್ರಿಲ್‌ನಲ್ಲಿ.

ನಮ್ಮ ಅರಸನಿಗೆ ಇನ್ನೂ ಹತ್ತಿರದ ಉದಾಹರಣೆ ಮನೆಯಲ್ಲೇ ಇತ್ತು. ನೇಪಾಳದ ಪ್ರಧಾನಮಂತ್ರಿ ಜಂಗ್ ಬಹಾದೂರ್ 1850ರ ಏಪ್ರಿಲ್‌ನಲ್ಲಿ ಕಲ್ಕತ್ತೆಯಲ್ಲಿ ಉಗಿಹಡಗು ಹತ್ತಿ ಮೇ ಕೊನೆಯ ವಾರದಲ್ಲಿ ಸೌತಾಂಪ್ಟನ್‌ನಲ್ಲಿ ಇಳಿದಿದ್ದನು. ತನ್ನ ಜನರ ಕೈಯಿಂದಲೇ ಅಡಿಗೆ ಮಾಡಿಸಿಕೊಂಡು, ದೊರೆಗಳ ಮೇಜಿನಲ್ಲಿ ಊಟಮಾಡದೆ ಪ್ರಯಾಣವನ್ನು ನಡೆಸಿದನು. ಹಿಂದಿರುಗುವಾಗ ಕಾಶಿಯಲ್ಲಿ ತಂಗಿ, ಇದೇ ಚಿಕ್ಕವೀರರಾಜೇಂದ್ರನ ಇನ್ನೊಬ್ಬ ಮಗಳನ್ನು ಮದುವೆಯಾದನು. ಮಾವನಿಗೆ ಅಳಿಯನ ಬಾಯಿಂದ ಹಡಗಿನ ಸುದ್ದಿ ತಿಳಿಯದೆ ಇದ್ದೀತೆ? ಎರಡೇ ವರ್ಷಗಳಲ್ಲಿ ಮಾವನೂ ಹೊರಟನೆಂಬುದು ಗಮನಿಸಬೇಕಾದ ಸಂಗತಿ.

ಆಗ ಇದ್ದ ದಾರಿಗಳನ್ನು ಭೂಪಟದ ಮೇಲೆ ಬೆರಳಿಟ್ಟು ನೋಡಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆದುದರಿಂದ 1852ರಲ್ಲಿ ಅದು ಇರಲಿಲ್ಲ. ಒಂದು ದಾರಿ ಗುಡ್‌ಹೋಪ್ ಭೂಶಿರವನ್ನು ಸುತ್ತುವುದು. ನಾಲ್ಕೈದು ತಿಂಗಳು ಬೇಕು. ಇದು ಅಟ್ಲಾಂಟಿಕ್ ಸಾಗರವನ್ನು ದಕ್ಷಿಣದಿಂದ ಉತ್ತರಕ್ಕೆ ಹಾಯುವ ದಾರಿ. ಹಾಯಿಹಡಗಿನಲ್ಲಿ ದುಡ್ಡು ಕೊಟ್ಟವನಿಗೆ ಸಿಗುತ್ತಿದ್ದುದು ನಾಲ್ಕು ಹಲಗೆ ಗೋಡೆಯ ಬರಿಯ ಕೋಣೆ. ಮಂಚ, ಮೇಜು, ಮುಖ ತೊಳೆಯುವ ಬೋಗುಣಿ, ದೀಪ ಎಲ್ಲವನ್ನೂ ಪ್ರಯಾಣಿಕನೇ ಕೊಂಡುತರಬೇಕು. ತಂದ ಮೇಲೆ ಹಡಗಿನ ಬಡಗಿಯನ್ನು ಕರೆದು ಅವುಗಳನ್ನು ನೆಲಕ್ಕೆ ಮೊಳೆಹೊಡೆಸಬೇಕು. ಇಲ್ಲವಾದರೆ ಮೊದಲ ಬಿರುಗಾಳಿಗೇ ಮೇಜು ಮಂಚದ ಮೇಲೆ ಬಂದು ಕೂರುತ್ತದೆ. ಹಡಗಿನ ಮೇಲಟ್ಟದಲ್ಲಿ ಆಡು, ಕುರಿ, ಕೋಳಿಗಳ ಗೂಡು. ತಂಪುಪೆಟ್ಟಿಗೆಯಿಲ್ಲದ ಕಾಲದಲ್ಲಿ ಹಾಲು ಬೇಕಾದರೆ ಹಸುವನ್ನೇ ಹತ್ತಿಸಬೇಕು. 1840ರಲ್ಲಿ ಅಟ್ಲಾಂಟಿಕ್ ದಾಟಲು ಹೊರಟ ಕ್ಯೂನಾರ್ಡ್ ಕಂಪೆನಿಯ ಮೊದಲ ಉಗಿಹಡಗು ‘ಬ್ರಿಟಾನಿಯಾ’ದಲ್ಲೂ ಒಂದು ಹಸುವಿತ್ತು. ಅದೇ ಹಡಗಿನಲ್ಲಿ 1842ರಲ್ಲಿ ಅಮೆರಿಕಕ್ಕೆ ಹೋದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನ್ನ ಕೋಣೆಯ ಇಕ್ಕಟ್ಟನ್ನು ಕಂಡು ಬೆಚ್ಚಿಬಿದ್ದು, ಅದನ್ನು ಹಾಸ್ಯಮಾಡಿ ಬರೆದಿದ್ದಾನೆ. ಐಷಾರಾಮವೆಂಬುದರ ಆರಂಭ ಇಷ್ಟು ಸಾಮಾನ್ಯವಾದುದು.

ಎರಡನೆಯದು ಹೊಸ ದಾರಿ. ಕಲ್ಕತ್ತೆಯಿಂದ ಸೂಯೆಜ್‌ವರೆಗೆ ಪಿ ಅಂಡ್ ಓ ಕಂಪೆನಿಯ ಉಗಿಹಡಗು. ಅಲ್ಲಿ ಇಳಿದು ಕುದುರೆ, ಹೇಸರಗತ್ತೆಗಳು ಎಳೆಯುವ ಬಂಡಿಯಲ್ಲಿ ಸುಮಾರು 84 ಮೈಲಿ ಮರುಭೂಮಿ ದಾಟಿ ಕೈರೋ ಸೇರಬೇಕು. ಪೆಟ್ಟಿಗೆಗಳು ಒಂಟೆಯ ಮೇಲೆ ಬರುತ್ತವೆ. ನೈಲ್ ನದಿಯಲ್ಲಿ ದೋಣಿ, ಮುಂದೆ ಕಾಲುವೆಯಲ್ಲಿ ಅಲೆಕ್ಸಾಂಡ್ರಿಯಾ, ಮತ್ತೆ ಹಡಗು, ಕೊನೆಗೆ ಸೌತಾಂಪ್ಟನ್. ಒಟ್ಟು ಆರೇಳು ವಾರ. ಈ ಹಡಗುಗಳಲ್ಲಿ ಮಂಚ ಹಾಸಿಗೆ ಕಂಪೆನಿಯದೇ. ಊಟವಷ್ಟೇ ಅಲ್ಲ, ದ್ರಾಕ್ಷಾರಸವೂ ಟಿಕೆಟ್ಟಿನಲ್ಲಿ ಸೇರಿರುತ್ತಿತ್ತು. ಅದನ್ನು ಮುಟ್ಟದ ಪ್ರಯಾಣಿಕ ಕೊಟ್ಟ ಹಣ ಮಾತ್ರ ಹಿಂದೆ ಬರುತ್ತಿರಲಿಲ್ಲ! ಸಾಮಾನು ಒಂಟೆಯ ಬೆನ್ನು ಏರಬೇಕಾದುದರಿಂದ ಪೆಟ್ಟಿಗೆಗಳು ಚಿಕ್ಕವಾಗಿರಬೇಕಿತ್ತು. ಹಾಯಿಹಡಗಿಗೆ ಮನೆಯನ್ನೇ ಕಟ್ಟಿಕೊಂಡು ಹೋಗಬಹುದಾಗಿದ್ದವನು ಇಲ್ಲಿ ಯಾವುದನ್ನು ಬಿಡಬೇಕೆಂದು ಯೋಚಿಸಬೇಕಾಯಿತು.

ಇಲ್ಲಿ ಒಂದು ಅಡ್ಡಮಾತು. ಇದೇ ಕಡಲಿನಲ್ಲಿ ನಮ್ಮ ಕಾಫಿಯೂ ಪ್ರಯಾಣ ಮಾಡಿತು. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಉಪ್ಪುಗಾಳಿ ಕುಡಿದ ಕಾಫಿಬೀಜ ಉಬ್ಬಿ, ಬಿಳಿಚಿ, ಬೇರೊಂದು ರುಚಿಯನ್ನು ಪಡೆಯುತ್ತಿತ್ತು. ಯುರೋಪಿನವರಿಗೆ ಆ ರುಚಿಯೇ ಹಿಡಿಸಿತು. ಸೂಯೆಜ್ ಕಾಲುವೆ ಬಂದು ಪ್ರಯಾಣ ಚಿಕ್ಕದಾದ ಮೇಲೆ ಬೀಜ ಹಸಿರಾಗಿಯೇ ತಲುಪತೊಡಗಿತು, ಗಿರಾಕಿಗಳು ಗೊಣಗಿದರು. ಈಗ ಮಂಗಳೂರು ಕಡೆಯ ಗೋದಾಮುಗಳಲ್ಲಿ ಬೀಜವನ್ನು ಮಳೆಗಾಲದ ಗಾಳಿಗೆ ಹರಡಿ ಬೇಕೆಂದೇ ಹಾಗೆ ಮಾಡುತ್ತಾರೆ. ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರಿನ ಕಾಫಿ ಅದೇ. ಮನುಷ್ಯನನ್ನೂ ಕಡಲು ಹೀಗೆಯೇ ಬದಲಿಸುತ್ತದೆಯೋ ಏನೋ. ಗೌರಮ್ಮನ ವಿಷಯದಲ್ಲಂತೂ ಹಾಗಾಯಿತು.

ಇಂಗ್ಲೆಂಡಿನಲ್ಲಿ ಇಳಿದ ವರ್ಷವೇ, ಅಂದರೆ 1852ರಲ್ಲೇ, ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ದೀಕ್ಷೆ ಕೊಟ್ಟರು. ವಿಕ್ಟೋರಿಯಾ ರಾಣಿ ತಾನೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು; ಹುಡುಗಿ ವಿಕ್ಟೋರಿಯಾ ಗೌರಮ್ಮಳಾದಳು. ಮೊದಲು ಡ್ರಮಂಡ್ ದಂಪತಿಗಳ ಮನೆಯಲ್ಲಿ, ಅನಂತರ ಸರ್ ಜಾನ್ ಲಾಗಿನ್ ಮತ್ತು ಲೇಡಿ ಲಾಗಿನ್ನರ ಮನೆಯಲ್ಲಿ ಬೆಳೆದಳು. 1854ರಲ್ಲಿ ಅರಮನೆಯ ಚಿತ್ರಕಾರ ವಿಂಟರ್‌ಹಾಲ್ಟರ್ ಬರೆದ ಅವಳ ಚಿತ್ರ ಇಂದಿಗೂ ಇಂಗ್ಲೆಂಡಿನ ರಾಜಸಂಗ್ರಹದಲ್ಲಿದೆ. ಮೈಮೇಲೆ ನಮ್ಮ ಕಡೆಯ ಒಡವೆವಸ್ತ್ರ, ಕೈಯಲ್ಲಿ ಬೈಬಲ್. ಆ ಚಿತ್ರ ಸಿಕ್ಕಿದರೆ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ. ಹದಿಮೂರು ವರ್ಷದ ಹುಡುಗಿಯದು ಅದು. ನಿಮ್ಮಲ್ಲಿ ಹಲವರ ವಯಸ್ಸು.

ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಅವಳನ್ನು ಮದುವೆ ಮಾಡಿಸಬೇಕೆಂದು ರಾಣಿಗೆ ಆಸೆಯಿತ್ತು. ಅದು ಆಗಲಿಲ್ಲ. 1860ರಲ್ಲಿ ಗೌರಮ್ಮ ಲೇಡಿ ಲಾಗಿನ್ನಳ ಸಹೋದರ, ಸೈನ್ಯಾಧಿಕಾರಿ ಜಾನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾದಳು. ವಯಸ್ಸಿನಲ್ಲಿ ಅವನು ಬಹಳ ಹಿರಿಯ. 1861ರಲ್ಲಿ ಒಬ್ಬ ಮಗಳು ಹುಟ್ಟಿದಳು. 1864ರಲ್ಲಿ, ಇಪ್ಪತ್ತಮೂರು ತುಂಬುವುದಕ್ಕೆ ಮೊದಲೇ, ಗೌರಮ್ಮ ತೀರಿಕೊಂಡಳು. ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಅರಸನ ದಾವೆ ಏನಾಯಿತು ಎಂದು ಕೇಳುತ್ತೀರಲ್ಲವೆ? ಅದು ವರ್ಷಗಟ್ಟಲೆ ಎಳೆಯಿತು. ಅರಸನು ಹಿಂದಿರುಗಲೇ ಇಲ್ಲ. 1859ರಲ್ಲಿ ಲಂಡನ್ನಿನಲ್ಲೇ ಸತ್ತನು. ಮರುವರ್ಷ, 1860ರಲ್ಲಿ, ತೀರ್ಪು ಬಂದಿತು. ಕೊಡಗನ್ನು ವಶಪಡಿಸಿಕೊಂಡದ್ದೂ ಆ ಹಣವನ್ನು ತೆಗೆದುಕೊಂಡದ್ದೂ ಯುದ್ಧದ ಕಾಲದಲ್ಲಿ ಕಂಪೆನಿಯು ರಾಜ್ಯಾಧಿಕಾರದಿಂದ ನಡೆಸಿದ ಕೃತ್ಯ, ಅದನ್ನು ವಿಚಾರಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎಂದು ದಾವೆಯನ್ನು ವಜಾ ಮಾಡಲಾಯಿತು. ಕಾನೂನು ಓದುವ ವಿದ್ಯಾರ್ಥಿಗಳು ಇದನ್ನು ಗುರುತಿಟ್ಟುಕೊಳ್ಳಬಹುದು. ‘ಕೊಡಗಿನ ಮಾಜಿ ರಾಜ ವಿರುದ್ಧ ಈಸ್ಟ್ ಇಂಡಿಯಾ ಕಂಪೆನಿ’ ಎಂಬ ಈ ಮೊಕದ್ದಮೆ ಕಾನೂನಿನ ಪುಸ್ತಕಗಳಲ್ಲಿದೆ.

ಅರಸನ ತರುವಾಯದ ಐವತ್ತು ವರ್ಷಗಳಲ್ಲಿ ಸಿದ್ಧತೆಯ ರೀತಿಯೇ ಬದಲಾಯಿತು. 1893ರಲ್ಲಿ ಸ್ವಾಮಿ ವಿವೇಕಾನಂದರು ಹೊರಟಾಗ ಖೇತ್ರಿಯ ಮಹಾರಾಜರು ಮೊದಲ ದರ್ಜೆಯ ಟಿಕೆಟ್ಟನ್ನೂ ರೇಷ್ಮೆಯ ನಿಲುವಂಗಿಯನ್ನೂ ಒದಗಿಸಿದರು. ಉಣ್ಣೆಬಟ್ಟೆಯ ಮಾತು ಯಾರಿಗೂ ಹೊಳೆಯಲಿಲ್ಲ. ಪೆಸಿಫಿಕ್ ದಾಟುವಾಗ ಸ್ವಾಮಿಗಳು ಚಳಿಯಲ್ಲಿ ನಡುಗಿದರು. ಒಂಬತ್ತು ವರ್ಷಗಳ ಬಳಿಕ, 1902ರಲ್ಲಿ, ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟ ಜಯಪುರದ ಮಹಾರಾಜ ಮಾಧೋಸಿಂಗ್ ‘ಒಲಿಂಪಿಯಾ’ ಎಂಬ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದನು. ದೇವರನ್ನೂ ಜೊತೆಗೆ ಕರೆದೊಯ್ದನು. ಬೃಹತ್ ಬೆಳ್ಳಿಯ ಕೊಳಗಗಳಲ್ಲಿ ಗಂಗಾಜಲವನ್ನು ತುಂಬಿಸಿದನು. ಅವುಗಳಲ್ಲಿ ಎರಡನ್ನು ಜಯಪುರದ ಅರಮನೆಯಲ್ಲಿ ನೀವು ಇಂದೂ ನೋಡಬಹುದು. ಒಂದೊಂದೂ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಹಣವಿದ್ದರೆ ಧರ್ಮವನ್ನೂ ಹಡಗಿಗೆ ಹತ್ತಿಸಬಹುದು ಎಂದಾಯಿತು!

ಶನಿವಾರಸಂತೆಗೆ ಮರಳೋಣ. 1899ರಲ್ಲಿ ಈ ಊರಿನಲ್ಲಿ ಹುಟ್ಟಿದ ಒಂದು ಮಗುವೂ ಕಡಲು ದಾಟಿತು. ಅದು ಕೆ. ಎಂ. ಕಾರ್ಯಪ್ಪ, 1949ರ ಜನವರಿ 15ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದವರು. ಎಳೆಯ ಅಧಿಕಾರಿಯಾಗಿ ಅವರು ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಸೇವೆ ಸಲ್ಲಿಸಿದರು. ಎರಡು ಮಹಾಯುದ್ಧಗಳಲ್ಲಿ ಕೊಡಗಿನ ಎಷ್ಟೋ ಮನೆಗಳ ಮಕ್ಕಳು ಹೀಗೆ ಸೈನಿಕರ ಹಡಗುಗಳನ್ನು ಹತ್ತಿದರು. ಅಲ್ಲಿ ಬೆಳ್ಳಿಯ ಕೊಳಗವಿರಲಿಲ್ಲ, ಅಡಿಗೆಯವನನ್ನು ಆರಿಸುವ ಮಾತೂ ಇರಲಿಲ್ಲ. ಒಂದು ತಗಡಿನ ಟ್ರಂಕು, ಒಂದು ಹಾಸಿಗೆ ಸುರುಳಿ.

ಅಂಥ ಟ್ರಂಕು ನಿಮ್ಮ ಮನೆಯ ಅಟ್ಟದಲ್ಲೂ ಇರಬಹುದು. ಅಜ್ಜಿಯನ್ನು ಕೇಳಿ, ಇಳಿಸಿ, ದೂಳು ಒರೆಸಿ ನೋಡಿ. ಹಳೆಯ ಹಡಗು ಕಂಪೆನಿಗಳು ಪೆಟ್ಟಿಗೆಗಳಿಗೆ ಬೇರೆಬೇರೆ ಚೀಟಿ ಅಂಟಿಸುತ್ತಿದ್ದವು. ಕೋಣೆಯೊಳಗೆ ಇಟ್ಟುಕೊಳ್ಳುವುದಕ್ಕೆ ಒಂದು ಚೀಟಿ. ನಡುವೆ ತೆಗೆಯಬೇಕಾದುದಕ್ಕೆ ‘ಪ್ರಯಾಣದಲ್ಲಿ ಬೇಕು’ ಎಂಬ ಇನ್ನೊಂದು. ಹಡಗಿನ ತಳಕ್ಕೆ ಹೋಗುವುದಕ್ಕೆ ‘ಪ್ರಯಾಣದಲ್ಲಿ ಬೇಕಿಲ್ಲ’ ಎಂಬ ಮೂರನೆಯದು. ಚೀಟಿಯ ತುಂಡು ಉಳಿದಿದ್ದರೆ ಅದರ ಮೇಲೆ ಹಡಗಿನ ಹೆಸರು, ಇಳಿಯುವ ಬಂದರು ಇರುತ್ತವೆ. ಅವನ್ನು ಗುರುತುಮಾಡಿಕೊಂಡು, ಟ್ರಂಕಿನ ಒಡೆಯರು ಯಾರು, ಯಾವ ವರ್ಷ ಹೋದರು, ಒಳಗೆ ಏನು ತುಂಬಿದ್ದರು ಎಂದು ಮನೆಯ ಹಿರಿಯರಿಂದ ಕೇಳಿ ಬರೆದಿಡಿ.