ಐದು ಬೇಡಿಕೆಗಳ ಜಾಡು ಹಿಡಿದು

ಭಾರತದ ಮೊದಲ ಕಾರ್ಖಾನೆ ಕಾಯಿದೆ 1881ರದು. ಅದು ಹೇಗೆ ಹುಟ್ಟಿತು ಎಂಬ ಬಗ್ಗೆ ಎರಡು ಮಾತುಗಳು ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿವೆ. ಗಿರಣಿಗಳಲ್ಲಿ ದುಡಿಯುತ್ತಿದ್ದ ಎಳೆಯ ಮಕ್ಕಳ ಮೇಲಿನ ಕನಿಕರದಿಂದ ಲಾರ್ಡ್ ರಿಪ್ಪನ್ ಕಾಲದ ಸರ್ಕಾರ ಅದನ್ನು ತಂದಿತು ಎನ್ನುವುದು ಒಂದು. ಮುಂಬಯಿಯ ಅಗ್ಗದ ನೂಲು ಕಂಡು ಹೊಟ್ಟೆಕಿಚ್ಚುಪಟ್ಟ ಮ್ಯಾಂಚೆಸ್ಟರ್‌ನ ಮಾಲೀಕರೇ ಅದನ್ನು ಮಾಡಿಸಿದರು ಎನ್ನುವುದು ಇನ್ನೊಂದು. ನಮ್ಮಲ್ಲಿ ಹೆಚ್ಚು ಓಡಾಡುವುದು ಎರಡನೆಯದು. ಕಾರ್ಮಿಕ ಕಾನೂನು ಬಿಗಿಯಾಗಬೇಕೆ, ಸಡಿಲವಾಗಬೇಕೆ ಎಂಬ ಚರ್ಚೆ ಎದ್ದಾಗಲೆಲ್ಲ ಈ ಕಥೆಯನ್ನು ಯಾರಾದರೂ ಎತ್ತುತ್ತಾರೆ: ನಿಯಂತ್ರಣ ಎಂಬುದೇ ಪ್ರತಿಸ್ಪರ್ಧಿಗಳು ನಮ್ಮ ಮೇಲೆ ಹೇರಿದ್ದು, ನೋಡಿ!

ಹಾಗಾದರೆ ಮೊದಲು ಕಾಯಿದೆಯನ್ನೇ ಓದಬೇಕು. ಅದು ಪುಟ್ಟದು. ಯಂತ್ರಶಕ್ತಿ ಬಳಸುವ, ನೂರು ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಮಾತ್ರ ಅನ್ವಯ. ಏಳು ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಿಕೊಳ್ಳುವಂತಿಲ್ಲ. ಏಳರಿಂದ ಹನ್ನೆರಡರವರೆಗಿನ ಮಕ್ಕಳಿಗೆ ದಿನಕ್ಕೆ 9 ಗಂಟೆ ಕೆಲಸ, ನಡುವೆ ಒಂದು ಗಂಟೆ ಬಿಡುವು, ತಿಂಗಳಿಗೆ ನಾಲ್ಕು ರಜೆ. ದೊಡ್ಡವರ ದುಡಿಮೆಯ ಗಂಟೆಗೆ ಯಾವ ಮಿತಿಯೂ ಇಲ್ಲ, ಹೆಂಗಸರಿಗೂ ಇಲ್ಲ. ವರ್ಷದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ನಡೆಯದ ಕಾರ್ಖಾನೆಗಳು ಹೊರಗೆ. ಚಹಾ, ಕಾಫಿ, ನೀಲಿ ತೋಟಗಳೂ ಹೊರಗೆ. ಕನ್ನಡ ಸೀಮೆಯ ಲೆಕ್ಕದಲ್ಲಿ ಹೇಳುವುದಾದರೆ, 1880ರ ದಶಕದಲ್ಲಿ ಘಟಪ್ರಭೆಯ ನೀರಿನ ಬಲದ ಮೇಲೆ ಎದ್ದ ಗೋಕಾಕದ ಗಿರಣಿ ಮುಂಬಯಿ ಪ್ರಾಂತ್ಯದೊಳಗೇ ಇದ್ದುದರಿಂದ ಈ ಕಾಯಿದೆಯ ಕೈಯೊಳಗೆ ಬಂತು. ಆದರೆ ಹತ್ತಿಯ ಸುಗ್ಗಿಯಲ್ಲಿ ಮಾತ್ರ ಓಡಿ ನಿಲ್ಲುವ ಜಿನ್ನಿಂಗ್ ಕಾರ್ಖಾನೆಗೆ ನುಣುಚಿಕೊಳ್ಳಲು ಬಾಗಿಲು ತೆರೆದೇ ಇತ್ತು.

ಇಲ್ಲೇ ಮೊದಲ ಅನುಮಾನ ಹುಟ್ಟುತ್ತದೆ. ಮುಂಬಯಿಯ ಗಿರಣಿಗಳನ್ನು ಕಟ್ಟಿಹಾಕಲು ಮ್ಯಾಂಚೆಸ್ಟರ್ ಬರೆಸಿದ ಕಾನೂನು ಇದಾದರೆ, ಇಷ್ಟು ಸಡಿಲವಾಗಿ ಏಕೆ ಬರೆಸಿತು? ಕನಿಕರದಿಂದ ಹುಟ್ಟಿದ್ದಾದರೆ, ಎಂಟು ವರ್ಷದ ಮಗುವಿಗೆ 9 ಗಂಟೆ ದುಡಿಮೆ ಏಕೆ?

ಮ್ಯಾಂಚೆಸ್ಟರ್‌ನ ಒತ್ತಡ ಸುಳ್ಳಲ್ಲ. 1870ರ ದಶಕದಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಶಾಫ್ಟ್ಸ್‌ಬರಿ ಈ ವಿಷಯ ಎತ್ತಿದ. ಇಂಗ್ಲೆಂಡಿನ ಗಿರಣಿ ಮಕ್ಕಳಿಗಾಗಿ ದಶಕಗಟ್ಟಲೆ ಹೋರಾಡಿದ್ದ ಮನುಷ್ಯ ಅವನು. ಅವನ ಕನಿಕರವನ್ನು ಶಂಕಿಸಲು ಕಾರಣ ಕಾಣುವುದಿಲ್ಲ. ಆದರೆ ಭಾರತದಲ್ಲಿ ಹತ್ತಿಯೂ ಇದೆ, ಅಗ್ಗದ ಆಳೂ ಇದ್ದಾರೆ, ಗಂಟೆಯ ಮಿತಿಯೂ ಇಲ್ಲದೆ ಹೋದರೆ ನಮ್ಮವರಿಗೆ ಅನ್ಯಾಯ ಎಂಬ ಮಾತನ್ನೂ ಅವನೇ ಆಡಿದ. ಎರಡು ಉದ್ದೇಶಗಳೂ ಒಬ್ಬನ ಬಾಯಲ್ಲೇ ಇವೆ. ಇದೇ ಹೊತ್ತಿನಲ್ಲಿ ಲ್ಯಾಂಕಾಶೈರ್‌ನವರು ತಮ್ಮ ಬಟ್ಟೆಯ ಮೇಲಿನ ಆಮದು ಸುಂಕ ತೆಗೆಸಲು ಹಟ ಹಿಡಿದಿದ್ದರು. 1882ರಲ್ಲಿ ಅದೂ ಹೋಯಿತು. ಇಷ್ಟರಿಂದ ಸಾಬೀತಾಗುವುದು ಅವರಿಗೆ ಲಾಭವಿತ್ತು, ಅವರು ಒತ್ತಾಯಿಸಿದರು ಎಂಬಷ್ಟೆ. ಬರೆದವರು ಅವರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕು.

ಆ ಸಾಕ್ಷಿ ಹುಡುಕಿಕೊಂಡು ಹೋದರೆ ಸಿಗುವವರು ಒಬ್ಬ ಪಾರಸಿ ಗೃಹಸ್ಥರು, ಮುಂಬಯಿಯ ಸೊರಾಬ್ಜಿ ಶಾಪುರ್ಜಿ ಬೆಂಗಾಲಿ. 1878ರಲ್ಲಿ ಅವರು ಗಿರಣಿ ಮಕ್ಕಳ, ಹೆಂಗಸರ ರಕ್ಷಣೆಗಾಗಿ ಒಂದು ಮಸೂದೆ ಸಿದ್ಧಮಾಡಿದರು. ಅದನ್ನು ಮಂಡಿಸಲು ಮುಂಬಯಿ ಸರ್ಕಾರ ಅವಕಾಶ ಕೊಡಲಿಲ್ಲ. ಆಗ ಅವರು ಅದನ್ನು ಇಂಗ್ಲೆಂಡಿಗೆ ಮುಟ್ಟಿಸಿದರು. ಅಂದರೆ ಮ್ಯಾಂಚೆಸ್ಟರ್‌ನ ಹೊಟ್ಟೆಕಿಚ್ಚನ್ನು ಮುಂಬಯಿಯ ಒಬ್ಬ ಸಜ್ಜನ ತನ್ನ ಕೆಲಸಕ್ಕೆ ಬಳಸಿಕೊಂಡ ಎಂದು ಈ ಕಥೆಯನ್ನು ತಿರುಗಿಸಿಯೂ ಹೇಳಬಹುದು. ಯಾರು ಯಾರನ್ನು ಬಳಸಿದರು ಎಂಬುದು ಕಡತ ಓದಿ ತೀರ್ಮಾನಿಸುವಂಥದ್ದಲ್ಲ.

ಇನ್ನು ವಿರೋಧಿಸಿದವರ ಮಾತು. 1875ರ ಮುಂಬಯಿ ಕಾರ್ಖಾನೆ ಆಯೋಗದಲ್ಲಿ ಬಹುಮತ ಕಾನೂನು ಬೇಡ ಎಂದಿತು. ಬೇಕು ಎಂದವರು ಇಬ್ಬರೇ: ಕಲೆಕ್ಟರ್ ಅರ್ಬತ್‌ನಾಟ್ ಮತ್ತು ಡಾಕ್ಟರ್ ಬ್ಲೇನಿ. ಬಹುಮತದ ವಾದದ ತಿರುಳು ಇಂದಿಗೂ ಕೇಳಿಸುವಂಥದ್ದೇ: ಕೆಲಸಗಾರ ತಾನಾಗಿ ಬಂದಿದ್ದಾನೆ, ಒಗ್ಗದಿದ್ದರೆ ಬಿಟ್ಟು ಹೋಗಲು ಸ್ವತಂತ್ರ, ನಡುವೆ ಸರ್ಕಾರಕ್ಕೇನು ಕೆಲಸ? ದೇಶಾಭಿಮಾನಿ ಪತ್ರಿಕೆಗಳೂ ಇದೇ ಸಾಲಿನಲ್ಲಿ ನಿಂತವು. ಎಳೆಯ ಉದ್ಯಮ ಕುಸಿಯುವುದಕ್ಕಿಂತ ಕೆಲಸಗಾರರ ಸಾವು ಹೆಚ್ಚಾಗುವುದೇ ಮೇಲು ಎಂಬರ್ಥದ ಮಾತು 1875ರ ಅಮೃತ ಬಜಾರ್ ಪತ್ರಿಕೆಯಲ್ಲಿ ಬಂದಿದೆ. ತಿಲಕರ ಪತ್ರಿಕೆಗಳೂ ಕಾಯಿದೆಯ ವಿರುದ್ಧವೇ ಇದ್ದವು. ಓದಿದರೆ ಮೈ ಜುಂ ಎನ್ನುತ್ತದೆ, ನಿಜ. ಆದರೆ ಸುಂಕದ ರಕ್ಷಣೆಯನ್ನೂ ಕಳೆದುಕೊಳ್ಳುತ್ತಿದ್ದ ದೇಶದಲ್ಲಿ ಕೂತು ಬರೆದವರು ಅವರು ಎಂಬುದನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಗಂಟೆಗಳ ಲೆಕ್ಕದಲ್ಲಿ ಸಾಕ್ಷಿಗಳ ಮಾತು ಒಂದಕ್ಕೊಂದು ಹೊಂದುವುದಿಲ್ಲ. ಮಾಲೀಕರು ಕಡಿಮೆ ಹೇಳುತ್ತಾರೆ, ಸುಧಾರಕರು ಹೆಚ್ಚು. ಇದನ್ನು ಪರೀಕ್ಷಿಸಲು ಸಾಕ್ಷಿ ಹೇಳದ ಸಾಕ್ಷಿಯೊಂದಿದೆ, ಸೂರ್ಯ. ಆಗಿನ ಗಿರಣಿಗಳು ನಡೆಯುತ್ತಿದ್ದುದು ಹಗಲಿನ ಬೆಳಕಿನಲ್ಲಿ, ಬೆಳಗಾದಾಗಿನಿಂದ ಕತ್ತಲಾಗುವವರೆಗೆ. ಮುಂಬಯಿಯಲ್ಲಿ ಜೂನ್ ತಿಂಗಳ ಹಗಲು ಸುಮಾರು 13 ಕಾಲು ಗಂಟೆ, ಡಿಸೆಂಬರಿನದು ಸುಮಾರು 11. ಮುಂಬೆಳಗು, ಮುಸ್ಸಂಜೆಯ ಬೆಳಕು ಸೇರಿಸಿದರೂ ವರ್ಷವಿಡೀ 15 ಗಂಟೆ ಎಂಬ ಮಾತು ದೀಪವಿಲ್ಲದ ಗಿರಣಿಗೆ ನಿಲ್ಲದು. ವರ್ಷವಿಡೀ 10 ಗಂಟೆ ಎಂಬುದೂ ನಿಲ್ಲದು.

ಇಷ್ಟಾದರೂ ಒಂದು ಗೋಡೆ ಅಡ್ಡ ನಿಂತಿತು. ಮಾಲೀಕ, ಮ್ಯಾನೇಜರ್, ಕಲೆಕ್ಟರ್, ವೈದ್ಯ, ಲಾರ್ಡ್, ಸಂಪಾದಕ ಎಲ್ಲರೂ ಮಾತಾಡಿದ್ದಾರೆ. ಯಾರ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತೋ ಅವರು 1881ರವರೆಗಿನ ಈ ವಾದದಲ್ಲಿ ಕಕ್ಷಿಗಾರರಾಗಿ ಎಲ್ಲಿಯೂ ಎದ್ದು ನಿಲ್ಲುವುದಿಲ್ಲ. ಮ್ಯಾಂಚೆಸ್ಟರೋ ಕನಿಕರವೋ ಎಂದು ಕೇಳುತ್ತ ಹೋದರೆ ದಾರಿ ಇಲ್ಲಿಗೇ ಮುಗಿಯುತ್ತದೆ.

ದಾರಿ ಮತ್ತೆ ತೆರೆದುಕೊಂಡದ್ದು ಮೂರು ವರ್ಷ ಮುಂದೆ ಹೋದಾಗ. 1884ರ ಸೆಪ್ಟೆಂಬರಿನಲ್ಲಿ, ಹೊಸ ಆಯೋಗವೊಂದು ಕೂತಿದ್ದ ಸಮಯದಲ್ಲಿ, ಮುಂಬಯಿಯ ಪರೇಲಿನಲ್ಲಿ ಗಿರಣಿ ಕೆಲಸಗಾರರು ಸಭೆ ಸೇರಿದರು. ಸಭೆ ಕರೆದವರು ನಾರಾಯಣ ಮೇಘಾಜಿ ಲೋಖಂಡೆ, ಜೋತಿಬಾ ಫುಲೆಯವರ ಒಡನಾಡಿ, ‘ದೀನಬಂಧು’ ಪತ್ರಿಕೆಯ ಸಂಪಾದಕ. ಅಲ್ಲಿ ಮೂಡಿದ ಮನವಿಗೆ 5,500 ಸಹಿ. ಬೇಡಿಕೆ ಐದು: ವಾರಕ್ಕೊಮ್ಮೆ ಭಾನುವಾರದ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಗಿನ ಆರೂವರೆಯಿಂದ ಸೂರ್ಯ ಮುಳುಗುವವರೆಗೆ ಮಾತ್ರ ಕೆಲಸ, ತಿಂಗಳ ಪಗಾರ ಮುಂದಿನ ತಿಂಗಳ 15ರೊಳಗೆ, ಕೆಲಸದಲ್ಲಿ ಗಾಯವಾದರೆ ಪರಿಹಾರ.

ಮೂರು ವರ್ಷದ ಹಿಂದಿನ ಕಾಯಿದೆಯ ಪಕ್ಕಕ್ಕೆ ಇದನ್ನಿಟ್ಟು ನೋಡಿ. ಅಲ್ಲಿದ್ದುದು ಮಕ್ಕಳ ಮಾತು. ಇಲ್ಲಿರುವುದು ದೊಡ್ಡವರ ದಿನಚರಿ. ಒಂದಕ್ಕೊಂದು ಮುಖವೇ ಇಲ್ಲ.

ಆದರೆ ಇದು ಕೆಲಸಗಾರರದೇ ಮಾತು ಎಂದು ಹೇಗೆ ನಂಬುವುದು? ಅನುಮಾನಕ್ಕೆ ಕಾರಣಗಳಿವೆ. 5,500ರಲ್ಲಿ ಎಷ್ಟು ಜನಕ್ಕೆ ಸಹಿ ಬರುತ್ತಿತ್ತು ಎಂದು ಕೇಳಬಹುದು. ಲೋಖಂಡೆಯವರು ಕಟ್ಟಿದ ಗಿರಣಿ ಕೆಲಸಗಾರರ ಸಂಘ ಹುಟ್ಟಿದ್ದು 1884ರಲ್ಲಿ ಎನ್ನುವವರಿದ್ದಾರೆ, 1890ರಲ್ಲಿ ಎನ್ನುವವರೂ ಇದ್ದಾರೆ. ಅದಕ್ಕೆ ಸದಸ್ಯರ ಪಟ್ಟಿ ಇಲ್ಲ, ನಿಧಿ ಇಲ್ಲ, ನಿಯಮಾವಳಿ ಇಲ್ಲ. ಲೋಖಂಡೆ ಕೇಳಿಬಂದವರಿಗೆ ಸಲಹೆ ಕೊಡುವ ಒಬ್ಬ ಸ್ವಯಂಸೇವಕ ಅಷ್ಟೆ ಎಂದು 1892ರ ಸರ್ಕಾರಿ ವರದಿಯೇ ಹೇಳುತ್ತದೆ. ಮನವಿ ಬರೆದ ಕೈ ಒಂದೇ ಇದ್ದೀತು.

ನನ್ನನ್ನು ಒಪ್ಪಿಸಿದ್ದು ನಾಲ್ಕನೆಯ ಬೇಡಿಕೆ. ಪಗಾರದ ತಾರೀಖಿನಿಂದ ಮ್ಯಾಂಚೆಸ್ಟರ್‌ಗೆ ಆಗಬೇಕಾದ್ದು ಏನೂ ಇರಲಿಲ್ಲ. ಮಕ್ಕಳ ಮೇಲೆ ಕನಿಕರಪಟ್ಟ ಸಜ್ಜನರಿಗೂ ಅದು ಹೊಳೆಯುವ ವಿಷಯವಲ್ಲ. ಅದು ಗಿರಣಿಯ ಒಳಗೆ ಇದ್ದವರಿಗೆ ಮಾತ್ರ ಗೊತ್ತಿರುವ ನೋವು. ಲೋಖಂಡೆ ಸ್ವತಃ ಗಿರಣಿಯಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಬರೆದ ಕೈ ಅವರದೇ ಆಗಿದ್ದರೂ ಸಂಗತಿ ಒಳಗಿನದೇ.

ಈ ಬೇಡಿಕೆಯನ್ನು ಬಿಡಿಸಿದರೆ 1875ರ ವಾದ ಅಲುಗಾಡುತ್ತದೆ. ಮುಂಬಯಿಯ ಗಿರಣಿಗಳಲ್ಲಿ ದುಡಿದ ತಿಂಗಳ ಪಗಾರ ಕೈಗೆ ಬರುತ್ತಿದ್ದುದು ವಾರಗಳ ನಂತರ. ಕೊಡುವ ಹೊತ್ತಿಗೆ ಮುಂದಿನ ತಿಂಗಳ ಕೆಲ ದಿನಗಳ ದುಡಿಮೆ ಮಾಲೀಕನ ಬಳಿ ಬಾಕಿ. ನೋಟಿಸ್ ಕೊಡದೆ ಬಿಟ್ಟರೆ ಆ ಬಾಕಿ ಮುಳುಗಿತು. ನಡುವಿನ ದಿನಗಳಿಗೆ ಸಾಲ, ಸಾಲಕ್ಕೆ ಬಡ್ಡಿ. ಒಗ್ಗದಿದ್ದರೆ ಬಿಟ್ಟು ಹೋಗಲಿ ಎಂದವರ ಪೆಟ್ಟಿಗೆಯಲ್ಲೇ ಬಿಟ್ಟು ಹೋಗುವವನ ಹಣ ಇತ್ತು. ಪಗಾರ ಇಂಥ ದಿನದೊಳಗೆ ಕೊಡಬೇಕೆಂಬ ನಿಯಮ ಮಾರುಕಟ್ಟೆಯ ಸ್ವಾತಂತ್ರ್ಯವನ್ನು ಕಡಿಮೆಮಾಡುತ್ತದೆಯೋ, ಇಲ್ಲದ ಸ್ವಾತಂತ್ರ್ಯವನ್ನು ಕೊಡುತ್ತದೆಯೋ? ನನ್ನ ಓದು ಎರಡನೆಯದರ ಕಡೆ ವಾಲುತ್ತದೆ.

1884ರ ಆ ಆಯೋಗದ ಮುಂದೆ ಖಾನದೇಶದ ಜಿನ್ನಿಂಗ್ ಕಾರ್ಖಾನೆಗಳ ಮ್ಯಾನೇಜರೊಬ್ಬರು ಕೊಟ್ಟ ಹೇಳಿಕೆಯೂ ಇದೆ. ಮಾರ್ಚ್–ಏಪ್ರಿಲ್ ಸುಗ್ಗಿಯಲ್ಲಿ ಒಂದೇ ತಂಡ ಹೆಚ್ಚುಕಡಿಮೆ ಎಂಟು ದಿನ ಹಗಲೂ ರಾತ್ರಿ ದುಡಿಯುತ್ತದೆ, ಆಮೇಲೆ ಬೇರೆ ಆಳುಗಳನ್ನು ತರಿಸಬೇಕಾಗುತ್ತದೆ ಎಂದು ಅವರು ಹೇಳುತ್ತಾರೆ. ತನ್ನ ವ್ಯವಹಾರಕ್ಕೇ ಮುಳುವಾಗುವ ಮಾತನ್ನು ಮ್ಯಾನೇಜರೇ ಆಡಿರುವುದರಿಂದ ಇದಕ್ಕೆ ತೂಕ ಹೆಚ್ಚು.

ಈಗ ಐದು ಬೇಡಿಕೆಗಳನ್ನೇ ಅಳತೆಗೋಲು ಮಾಡಿಕೊಳ್ಳೋಣ. ಭಾನುವಾರದ ರಜೆ ಮೊದಲು ಬಂದದ್ದು ಕಾನೂನಿನಿಂದಲ್ಲ. 1890ರ ಏಪ್ರಿಲ್ 24ರಂದು ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರ ಕೆಲಸಗಾರರು ಸೇರಿದರು, ಇಬ್ಬರು ಹೆಂಗಸರೂ ಮಾತಾಡಿದರು. ಜೂನ್ 10ರಂದು ಮಾಲೀಕರ ಸಂಘವೇ ಒಪ್ಪಿತು. ಮಾರುಕಟ್ಟೆಯೊಳಗೇ ಕೆಲವು ಸಂಗತಿಗಳು ಇತ್ಯರ್ಥವಾಗುತ್ತವೆ ಎನ್ನುವವರಿಗೆ ಇದು ಒಳ್ಳೆಯ ಸಾಕ್ಷಿ, ಅದನ್ನು ಮುಚ್ಚಿಡಬಾರದು. ಮರುವರ್ಷದ ಕಾಯಿದೆ ಆ ರಜೆಯನ್ನೂ ಮಧ್ಯಾಹ್ನದ ಅರ್ಧ ಗಂಟೆಯನ್ನೂ ಸಂಘದಲ್ಲಿ ಇಲ್ಲದವರಿಗೂ ಕಡ್ಡಾಯಮಾಡಿತು. ಕೆಲಸದ ಹೊತ್ತಿನ ಮಿತಿ ಇಷ್ಟು ಸುಲಭಕ್ಕೆ ಬರಲಿಲ್ಲ. ಈ ನಡುವೆ ಗಿರಣಿಗಳಿಗೆ ವಿದ್ಯುದ್ದೀಪ ಬಂತು, ಸೂರ್ಯ ಹಾಕಿದ್ದ ಗಡಿ ಹೋಯಿತು. 1908ರ ಆಯೋಗದ ಬಹುಮತ ಮತ್ತೆ ಹಳೆಯ ರಾಗವನ್ನೇ ಹಾಡಿತು: ವಯಸ್ಕ ಗಂಡಸಿನ ಗಂಟೆಗೆ ನೇರವಾಗಿ ಕೈಹಾಕಬಾರದು. ಒಪ್ಪದವರು ಮದರಾಸಿನ ಡಾಕ್ಟರ್ ಟಿ. ಎಂ. ನಾಯರ್, ಮುಂದೆ ಜಸ್ಟಿಸ್ ಪಕ್ಷ ಕಟ್ಟಿದವರಲ್ಲಿ ಒಬ್ಬರು. ಅವರ ಭಿನ್ನಮತದ ಟಿಪ್ಪಣಿಯೇ ಕೊನೆಗೆ ಗೆದ್ದಿತು: 1911ರ ಕಾಯಿದೆ ಜವಳಿ ಗಿರಣಿಗಳ ಗಂಡಸರಿಗೂ 12 ಗಂಟೆಯ ಮಿತಿ ಹಾಕಿತು. ಗಾಯಕ್ಕೆ ಪರಿಹಾರದ ಕಾನೂನು 1923ರಲ್ಲಿ ಬಂತು. ಪಗಾರದ ತಾರೀಖು, ಆ ನಾಲ್ಕನೆಯ ಬೇಡಿಕೆ, ಎಲ್ಲಕ್ಕಿಂತ ಕೊನೆಗೆ, 1936ರಲ್ಲಿ. ಕೇಳಿದ್ದು ಎರಡು ವಾರದ ಮಾತು, ಹಿಡಿದದ್ದು 52 ವರ್ಷ.

ಮ್ಯಾಂಚೆಸ್ಟರ್ ಕಥೆಯನ್ನು ಹಾಗಾಗಿ ಅರ್ಧ ಮಾತ್ರ ಒಪ್ಪುತ್ತೇನೆ. 1881ಕ್ಕೆ ಅದು ಹೊಂದುತ್ತದೆ. 1884ರ ಮನವಿಯನ್ನು ವಿವರಿಸಲಾರದು. ಈ ಹಳೆಯ ತಕರಾರು ನಮ್ಮಲ್ಲೂ ಮುಗಿದಿಲ್ಲ. 1948ರ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದಿತ್ತು. 2023ರ ಕರ್ನಾಟಕ ತಿದ್ದುಪಡಿ ವಾರದ 48 ಗಂಟೆ ಉಳಿಸಿಕೊಂಡು, ದಿನಕ್ಕೆ 12 ಗಂಟೆಯವರೆಗೆ ಅವಕಾಶ ಮಾಡಿತು, ಕೆಲಸಗಾರರ ಲಿಖಿತ ಒಪ್ಪಿಗೆ ಇದ್ದರೆ. ಆ ಒಪ್ಪಿಗೆಯ ಬೆಲೆ ಏನೆಂದು ಮುಂದೊಂದು ದಿನ ತೂಗುವವರಿಗೆ ಸಹಿ ಮಾಡಿದ ಕಾಗದವೊಂದೇ ಸಾಲದು. ಬಾಕಿ ಎಷ್ಟಿತ್ತು, ಪಗಾರ ಯಾವತ್ತು ಬಂತು ಎಂಬುದೂ ಬೇಕು. ಆದ್ದರಿಂದ ಗೋಕಾಕ, ಹುಬ್ಬಳ್ಳಿ, ಗದಗ, ದಾವಣಗೆರೆ, ಬೆಂಗಳೂರು ಕಡೆಯ ಓದುಗರಲ್ಲಿ ಒಂದು ವಿನಂತಿ. ಗಿರಣಿಯಲ್ಲೋ ಗಾರ್ಮೆಂಟ್ಸ್‌ನಲ್ಲೋ ದುಡಿದ ಹಿರಿಯರ ಪಗಾರ ಚೀಟಿ, ಹಾಜರಿ ಕಾರ್ಡು, ಸಾಲದ ಲೆಕ್ಕ ಬರೆದಿಟ್ಟ ಪುಸ್ತಕ ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ.