ದೂರದಿಂದ ಬರುವ ಸಮಾಧಾನ

ಸವದತ್ತಿ, ಮನೋಳಿ, ರಾಮದುರ್ಗದ ಕಡೆ ‘ಧಾರವಾಡ’ ಎಂಬ ಹೆಸರಿಗೆ ಎರಡು ಅರ್ಥಗಳಿವೆ. ಒಂದು, ಮಕ್ಕಳನ್ನು ಓದಲು ಕಳಿಸುವ ಊರು. ಇನ್ನೊಂದು ಜಗಳದಲ್ಲಿ ಬಾಯಿಗೆ ಬರುವ ಮಾತು: ‘ಇವನ್ನ ಧಾರವಾಡಕ್ಕ ಒಯ್ಯಬೇಕು.’ ಕವಿಗಳ, ಕಾಲೇಜುಗಳ ಊರು ಹೀಗೆ ಬೈಗುಳವಾದದ್ದಕ್ಕೆ ಅಲ್ಲಿನ ಮಾನಸಿಕ ಆಸ್ಪತ್ರೆ ಕಾರಣ. ಆ ಬೈಗುಳದ ಭಯಕ್ಕೇ ಮಲಪ್ರಭೆಯ ದಂಡೆಯ ಊರುಗಳಲ್ಲಿ ಎಷ್ಟೋ ಮಂದಿ ತಮ್ಮ ಮನಸ್ಸಿನ ನೋವನ್ನು ತಲೆನೋವು, ಎದೆ ಉರಿ ಎಂಬ ಹೆಸರಿನಲ್ಲಿ ಮುಚ್ಚಿಟ್ಟುಕೊಂಡು ಬದುಕಿದ್ದಾರೆ. ನಮ್ಮ ಮನೆಯ ಹೆಂಗಸರ ದಖನಿಯಲ್ಲಿ ಅದಕ್ಕೆ ‘ಜೀ ಘಬರಾತಾ’ ಎಂಬ ಒಂದೇ ಮಾತು. ಆ ಮಾತಿನ ಹಿಂದೆ ಏನೇನಿದೆ ಎಂದು ಕೇಳುವವರು ಕಡಿಮೆ.

ಧಾರವಾಡದ ಆಸ್ಪತ್ರೆ ಆರಂಭವಾದದ್ದು 1845ರಲ್ಲಿ, ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯಾಗಿ. ಬೆಂಗಳೂರಿನ ಇಂಥದೇ ಆಸ್ಪತ್ರೆ 1847ರದು. ಅಂದಿನ ಈ ಸಂಸ್ಥೆಗಳಲ್ಲಿ ಗುಣಪಡಿಸುವುದಕ್ಕಿಂತ ಕೂಡಿಹಾಕುವುದೇ ಮುಖ್ಯವಾಗಿತ್ತು. ಎತ್ತರದ ಗೋಡೆಯೇ ಜನರ ನೆನಪಿನಲ್ಲಿ ಉಳಿಯಿತು. ಬೆಂಗಳೂರಿನ ಆಸ್ಪತ್ರೆ 1974ರಲ್ಲಿ ನಿಮ್ಹಾನ್ಸ್ ಆಯಿತು, ಧಾರವಾಡದ್ದು ಈಗ ಡಿಮ್ಹಾನ್ಸ್ ಎನಿಸಿಕೊಂಡಿದೆ. ಹೊರರೋಗಿಗಳಾಗಿ ಬಂದು ಮಾತ್ರೆ ತೆಗೆದುಕೊಂಡು ಸಂಜೆಗೆ ಮನೆ ಸೇರುವವರ ಕಾಲ ಬಂದು ಎಷ್ಟೋ ವರ್ಷವಾಯಿತು. ಜನರ ಬೈಗುಳ ಮಾತ್ರ ಬದಲಾಗಲಿಲ್ಲ.

ಆಸ್ಪತ್ರೆಗೆ ಹೆದರಿದವರು ಗುಡಿಗೆ, ದರ್ಗಾಕ್ಕೆ ಹೋದರು. ಅಲ್ಲಿ ಸಿಕ್ಕ ಸಾಂತ್ವನವನ್ನು ಹಗುರವಾಗಿ ನೋಡಬಾರದು. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದನ್ನು ನಾವು, ಅದರಲ್ಲೂ ಮುಸ್ಲಿಮರು, ಮರೆಯುವಂತಿಲ್ಲ. ದರ್ಗಾ ಇರುವ ಆ ಊರಿನ ಖಾಸಗಿ ಆಶ್ರಯಗೃಹವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಜನ. ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟಬಾರದೆಂದು ಸ್ಪಷ್ಟವಾಗಿ ಹೇಳಿದೆ.

ಸರಪಳಿ ನಮ್ಮ ಪರಂಪರೆಯೇ ಎಂದು ಕೇಳಿದರೆ, ಅಲ್ಲ ಎನ್ನಲು ಪುರಾವೆಗಳಿವೆ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಜೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆ ಒಂದು ಗ್ರಂಥ ಬರೆದ. ಕೋಪ, ಭಯ, ದುಃಖ ಮತ್ತು ಬಿಡದೆ ಕಾಡುವ ಕೆಟ್ಟ ಯೋಚನೆಗಳನ್ನು ಅವನು ಬೇರೆ ಬೇರೆಯಾಗಿ ವಿವರಿಸಿದ. ಇನ್ನೊಬ್ಬರ ಹಿತನುಡಿಯೂ, ತಾನೇ ಮನಸ್ಸಿನಲ್ಲಿ ಕೂಡಿಟ್ಟುಕೊಂಡ ವಿಚಾರಗಳೂ ಅವನ ದೃಷ್ಟಿಯಲ್ಲಿ ಔಷಧಗಳೇ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ದೊಡ್ಡ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೂ ಜಾಗವಿತ್ತು.

ದೂರದಲ್ಲಿರುವವರಿಂದ ಹಿತನುಡಿ ಪಡೆಯುವುದೂ ಹೊಸದಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಬಿಹಾರದ ಚೌಸಾದಲ್ಲಿ ಅಧಿಕಾರಿಯಾಗಿದ್ದ ಕಾಜಿ ಶಮ್ಸುದ್ದೀನ್, ಕೆಲಸ ಬಿಟ್ಟು ತಮ್ಮ ಗುರು ಶರಫುದ್ದೀನ್ ಮನೇರಿಯವರ ಸನ್ನಿಧಿಗೆ ಬರಲಾಗದೆ, ಬರೆದು ಕಳಿಸಿ ಎಂದು ಕೇಳಿಕೊಂಡರು. ಮನೇರಿ 1346-47ರ ಸುಮಾರಿಗೆ ನೂರು ಪತ್ರ ಬರೆದರು. ಅದು ಅಧ್ಯಾತ್ಮದ ಶಿಕ್ಷಣ. ಅದನ್ನು ಇಂದಿನ ಮನೋಚಿಕಿತ್ಸೆ ಎಂದು ಕರೆದರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತೆ. ಆದರೆ ಎದುರು ಕೂರದೆಯೂ ಒಬ್ಬರ ಮಾತು ಇನ್ನೊಬ್ಬರ ಬದುಕನ್ನು ತಿದ್ದಬಲ್ಲದು ಎಂಬ ನಂಬಿಕೆ ಅಲ್ಲಿದೆ.

ಕನ್ನಡದಲ್ಲಿ ಈ ಕೆಲಸ ಮಾಡಿದವರು ವೈದ್ಯ ಲೇಖಕರು. ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೋವೈದ್ಯ ವಿಷಯದ ಪುಸ್ತಕವೊಂದು ಸಾಹಿತ್ಯವೆಂದು ಮನ್ನಣೆ ಪಡೆದದ್ದು ಸಣ್ಣ ಸಂಗತಿಯಲ್ಲ. ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದ ತಮ್ಮ ಪುಸ್ತಕಗಳಿಂದ ಹಳ್ಳಿಯ ಓದುಗರನ್ನೂ ತಲುಪಿದರು. ವಾರಪತ್ರಿಕೆಗಳ ಪ್ರಶ್ನೋತ್ತರ ಅಂಕಣಕ್ಕೆ ‘ಹೆಸರು ಬೇಡ’ ಎಂದು ಬರೆದು ಕಳಿಸಿದವರು, ಆ ಸಂಚಿಕೆ ಬರುವ ತನಕ ಅಂಗಡಿಗೆ ಎಡತಾಕಿದವರು ನಮ್ಮಲ್ಲೇ ಇದ್ದರು.

ಪತ್ರ ಮುಟ್ಟಿ ಉತ್ತರ ಬರಲು ದಿನಗಳು ಬೇಕು. ಕಾಯಲಾರದವರಿಗೆ ಫೋನು ಬಂತು. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಆರಂಭಿಸಿದ ಸಹಾಯವಾಣಿ ಮುಂದೆ ಹಲವು ದೇಶಗಳಿಗೆ ಮಾದರಿಯಾಯಿತು. ಚೆನ್ನೈನಲ್ಲಿ 1986ರಲ್ಲಿ ‘ಸ್ನೇಹಾ’ ಹುಟ್ಟಿತು. ಕೋವಿಡ್ ಬಾಗಿಲುಗಳನ್ನು ಮುಚ್ಚಿದ 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ದೂರಚಿಕಿತ್ಸೆಗೆ ನಿಯಮಗಳನ್ನು ಪ್ರಕಟಿಸಿತು. 2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್ ನೇತೃತ್ವದಲ್ಲಿ ‘ಟೆಲಿ ಮಾನಸ್’ ಆರಂಭವಾಯಿತು. ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಮೊದಲು ತರಬೇತಾದ ಆಪ್ತಸಮಾಲೋಚಕರು ಕೇಳಿಸಿಕೊಳ್ಳುತ್ತಾರೆ. ಬೇಕೆನಿಸಿದರೆ ತಜ್ಞರಿಗೆ ದಾಟಿಸುತ್ತಾರೆ. 2025ರ ಹೊತ್ತಿಗೆ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು. ಇದರಾಚೆಗೆ ಹಣ ಪಡೆದು ವಿಡಿಯೊದಲ್ಲಿ ವಾರವಾರ ಮಾತನಾಡುವ ಖಾಸಗಿ ಚಿಕಿತ್ಸಕರಿದ್ದಾರೆ. ಅವರ ಓದು, ನೋಂದಣಿ ಏನೆಂದು ಮೊದಲೇ ಕೇಳಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು.

ಈ ಮಾತುಕತೆಯಲ್ಲಿ ನಡೆಯುವುದೇನು? ಮದುವೆಯಾಗಿ ಬೇರೆ ಊರಿಗೆ ಬಂದದ್ದು, ಗಂಡ ಕೊಲ್ಲಿಗೆ ಹೋದದ್ದು, ಕೆಲಸ ತಪ್ಪಿದ್ದು, ಇದ್ದತ್ ಮುಗಿದ ಮೇಲಿನ ಖಾಲಿ ಮನೆ ಇವು ರೋಗಗಳಲ್ಲ, ಬದುಕಿನ ತಿರುವುಗಳು. ಒಳ್ಳೆಯ ಚಿಕಿತ್ಸಕರು ‘ಹೀಗೆ ಮಾಡು’ ಎಂದು ತೀರ್ಪು ಕೊಡುವುದಿಲ್ಲ. ನಿದ್ದೆ, ಊಟ ಹೇಗಿದೆ ಎಂದು ಕೇಳುತ್ತಾರೆ. ಭಯ ಯಾವ ಹೊತ್ತಿಗೆ ಬರುತ್ತದೆ ಎಂದು ಗುರುತಿಸಲು ಕಲಿಸುತ್ತಾರೆ. ಮುಂದಿನ ವಾರದೊಳಗೆ ಮಾಡಬಹುದಾದ ಒಂದು ಸಣ್ಣ ಕೆಲಸ ಒಪ್ಪಿಸುತ್ತಾರೆ. ಮನೇರಿಯವರ ಪತ್ರಗಳನ್ನು ನಕಲು ಮಾಡಿ ಬೇರೆಯವರೂ ಓದಿದರು. ಇಲ್ಲಿ ಆಡಿದ ಮಾತನ್ನು ಗುಟ್ಟಾಗಿ ಇಡುವುದು ಕಾಯ್ದೆಯೇ ಹೊರಿಸಿದ ಹೊಣೆ. ರೋಗ ತೀವ್ರವಾಗಿದ್ದರೆ, ಜೀವಕ್ಕೆ ಅಪಾಯವಿದ್ದರೆ ಫೋನು ಸಾಲದು; ಆಗ ಧಾರವಾಡಕ್ಕೆ ಹೋಗಲೇಬೇಕು, ಅದರಲ್ಲಿ ನಾಚಿಕೆಯೇನೂ ಇಲ್ಲ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ತೊಂದರೆ ಇರುವವರಲ್ಲಿ ಚಿಕಿತ್ಸೆ ಸಿಗದವರು, ಕಾಯಿಲೆಗೆ ತಕ್ಕಂತೆ, ಶೇಕಡಾ 70ರಿಂದ 92. ಮನೋಳಿಯಿಂದ ಧಾರವಾಡದ ದಾರಿಯನ್ನು ಫೋನು ಇಲ್ಲವಾಗಿಸಿದೆ, ನಿಜ. ಆದರೆ ಅತ್ತೆ, ನಾದಿನಿ, ಮಕ್ಕಳು ಒಂದೇ ಪಡಸಾಲೆಯಲ್ಲಿರುವ ಮನೆಯಲ್ಲಿ ಸೊಸೆ ಎಲ್ಲಿ ಕುಳಿತು ಮಾತನಾಡಬೇಕು? ಅವಳಿಗೆ ಫೋನ್ ಇದೆ, ಕದ ಹಾಕಿಕೊಳ್ಳಬಹುದಾದ ಕೋಣೆ ಇಲ್ಲ. ನಮ್ಮ ಜಮಾತುಗಳು ಶಾದಿಮಹಲ್ ಕಟ್ಟಿಸುತ್ತವೆ. ವರ್ಷದ ಹೆಚ್ಚಿನ ದಿನ ಅವು ಬೀಗ ಹಾಕಿಕೊಂಡಿರುತ್ತವೆ. ಅಲ್ಲೊಂದು ಸಣ್ಣ ಕೋಣೆಯನ್ನು, ಒಂದು ಕುರ್ಚಿ ಮತ್ತು ಒಳಗಿನ ಚಿಲಕದ ಸಮೇತ, ವಾರಕ್ಕೆರಡು ಮಧ್ಯಾಹ್ನ ಹೆಂಗಸರಿಗೆ ಬಿಟ್ಟುಕೊಟ್ಟರೆ ಸಾಕು. ಯಾರು ಬಂದರು, ಏಕೆ ಬಂದರು ಎಂದು ಯಾರೂ ಕೇಳಬಾರದು.